ಮೂರು ಮನೆಯಲ್ಲಿ ಉಂಡ ಹನ್ನೊಂದು ಮಂದಿ

ಕಲಬುರಗಿಯ ಕಾಲೇಜಿನಲ್ಲಿ ನಾನು ಎರಡು ವರ್ಷ ಓದಿದೆ ಎಂದು ನಮ್ಮ ಮನೆಯವರು ಇವತ್ತಿಗೂ ನಂಬಿದ್ದಾರೆ. ಓದಿದ್ದು ಕಡಿಮೆ, ಕೂಗಿದ್ದು ಹೆಚ್ಚು. ಸಂಜೆ ನಮ್ಮ ಫುಟ್‌ಬಾಲ್ ತಂಡ ಕೋಟೆಯ ಹೊರಗಿನ ಬಯಲಿಗೆ ಇಳಿಯುವ ಹೊತ್ತಿಗೆ ನಾನು ಆಗಲೇ ಒಂದು ಸುತ್ತು ಕೂಗಿ ಮುಗಿಸಿರುತ್ತಿದ್ದೆ. ಕೋಟೆಯೊಳಗಿನ ಮಸೀದಿಯ ಪಾರಿವಾಳಗಳಿಗೆ ನನ್ನ ದನಿಯ ಗುರುತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವು ಹಾರಿಹೋಗುತ್ತಿದ್ದವು.

ಆಡಲಿಕ್ಕೂ ಒಮ್ಮೆ ಇಳಿದಿದ್ದೆ. ಚೆಂಡಿಗೆ ಬೀಸಿದ ಕಾಲು ಗೋಲು ಕಾಯುವ ನಮ್ಮ ಗೋಲಿಯ ಮೊಣಕಾಲಿಗೆ ಬಿತ್ತು. ಅವನು ಹದಿನೈದು ದಿನ ಕುಂಟಿದ. ಅಂದಿನಿಂದ ಚೆಂಡಿಗೆ ಗಾಳಿ ತುಂಬುವುದು, ನಿಂಬೆಹಣ್ಣು ಹೆಚ್ಚುವುದು, ಗಂಟಲು ಹರಿಯುವಂತೆ ಕೂಗುವುದು, ಈ ಮೂರು ಖಾತೆಗಳನ್ನು ನನಗೆ ವಹಿಸಿ ಆಟದಿಂದ ದೂರ ಇಟ್ಟರು.

ನಮ್ಮ ಕ್ಯಾಪ್ಟನ್ ತಾಜಸುಲ್ತಾನಪುರದವನು. ದಿನವೂ ನಡೆದು ಬರುತ್ತಿದ್ದ, ಆಡಿ ನಡೆದು ಹೋಗುತ್ತಿದ್ದ. ಅವನಿಗದು ಕೊನೆಯ ವರ್ಷ. ಪರೀಕ್ಷೆ ಮುಗಿದ ಮರುವಾರವೇ ತಹಸೀಲು ಕಚೇರಿಯಲ್ಲಿ ಕಾರಕೂನನಾಗಿ ಕೂರಬೇಕೆಂದು ಅವರಪ್ಪ ಮಾತು ಮುಗಿಸಿಬಂದಿದ್ದರು. ಅಷ್ಟರೊಳಗೆ ಹೈದರಾಬಾದಿನ ದೊಡ್ಡ ಮೈದಾನದಲ್ಲಿ ಒಂದೇ ಒಂದು ಸಲ ಆಡಬೇಕು ಎನ್ನುವುದು ಅವನ ಆಸೆ. ಅಲ್ಲಿಯ ಪಂದ್ಯಗಳಿಗೆ ತಂಡ ಕಳಿಸುವ ಮಾತು ಡ್ರಿಲ್ ಮಾಸ್ತರರ ಕೈಯಲ್ಲಿತ್ತು.

"ಹೊರಗಿನ ಟೀಮಿನ ಮ್ಯಾಲ ಒಂದ್ ಮ್ಯಾಚ್ ಗೆದ್ದು ತೋರಸ್ರಿ. ನನ್ನ ಕಣ್ಣಿದುರಿಗೆ. ಆಮ್ಯಾಲ ಪ್ರಿನ್ಸಿಪಾಲ್ ಸಾಹೇಬ್ರಿಗೆ ಸಿಫಾರಸು ಮಾಡ್ತೀನಿ," ಎಂದರು ಅವರು.

ಹೊರಗಿನ ಟೀಮು ಎಲ್ಲಿಂದ ತರುವುದು ಎಂದು ಎಲ್ಲರೂ ತಲೆ ಕೆರೆದುಕೊಳ್ಳುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ನಮ್ಮ ಕಮಲಾಪುರದಾಗ ಟೀಮ್ ಅದ ಅಲ್ರಿ! ಹೋದ ವರ್ಷ ಮೊದಲ್ನೇ ಸಲ ಚೆಂಡು ಕಂಡವ್ರು. ಅವ್ರನ್ನ ಸೋಲಸೋದು ಅಂದ್ರ ಬಾಳಿಹಣ್ಣು ಸುಲಿದಂಗ."

ಕ್ಯಾಪ್ಟನ್ ನನ್ನನ್ನೇ ನೋಡಿದ. "ಎಲ್ಲಾ ಬಂದೋಬಸ್ತ್ ನಿಂದೇ ನೋಡಪಾ. ನಿನ್ ಮ್ಯಾಲ ಬಿಟ್ಟೀನಿ."

ನನ್ನ ಮೇಲೆ ಭರವಸೆ ಇಟ್ಟ ಮೊದಲ ಮನುಷ್ಯ ಅವನು. ಪಾಪ.

ಆಗ ನಮಗೆ ವಾರದ ರಜೆ ಶುಕ್ರವಾರ; ಮುಂದಿನ ರಜೆಗೆ ಪಂದ್ಯ ನಿಗದಿಯಾಯಿತು. ನಾನು ಮೊದಲೇ ಊರಿಗೆ ಹೋಗಿ ಸುದ್ದಿ ಹೇಳಿದೆ. ಅವ್ವ ಕೂಡಲೇ ಬೇಳೆ ಆರಿಸಲು ಕೂತಳು.

"ಅಷ್ಟೂ ಮಂದಿ ನಮ್ಮನ್ಯಾಗೇ ಉಣ್ಣಬೇಕು. ಮತ್ತೊಬ್ರ ಮನಿಗಿ ಕಳಿಸಿದ್ರ ನನ್ ಮಾರಿ ನೋಡಬ್ಯಾಡ."

"ಆಯ್ತವ್ವಾ" ಎಂದೆ.

ಅತ್ತೆ, ಅಂದರೆ ನಮ್ಮಪ್ಪನ ತಂಗಿ, ಹಿತ್ತಲ ಗೋಡೆಯ ಆಚೆಯಿಂದಲೇ ಕೇಳಿದಳು. "ಯಾಕಪಾ, ನಮ್ಮನ್ಯಾಗ ಒಲಿ ಇಲ್ಲೇನು? ಸ್ವಾದರತ್ತಿ ಸತ್ತಾಳಂತ ತಿಳದೀಯೇನು?"

"ಛೇ, ನಿಮ್ಮನ್ಯಾಗ ಉಣ್ಣಲಾರ್ದೆ ಹೋಗ್ತಾರೇನು ಅತ್ತೀ?" ಎಂದೆ.

ಸಂಜೆ ಗೌಡರ ಕಟ್ಟೆಯ ಮುಂದೆ ಹಾಯುವಾಗ ಗೌಡರು ಕರೆದು, "ಕಾಲೇಜಿನ ಹುಡುಗೂರು ಊರಿಗಿ ಬಂದು ನನ್ನ ಮನಿ ಬಾಗಿಲ ತುಳೀಲಾರ್ದೆ ಹೋದ್ರ ಊರಿನ ಮರ್ಯಾದಿ ಏನುಳೀತು?" ಎಂದರು. ಗೌಡರಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ತಾತನಿಗೇ ಇರಲಿಲ್ಲ. ನಾನು ಕೈ ಮುಗಿದೆ.

ಹೇಗೋ ಸರಿಹೋಗುತ್ತದೆ ಎಂದು ಆ ವಾರವೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿದೆ. ನನ್ನ ಜೀವನದಲ್ಲಿ ಯಾವುದೂ ಹಾಗೆ ಸರಿಹೋದದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹನ್ನೊಂದು ಮಂದಿ ಆಟಗಾರರೂ ಮಾಸ್ತರರೂ ಮೋಟಾರಿನಿಂದ ಇಳಿದರು. ಪಂದ್ಯ ನಾಲ್ಕು ಗಂಟೆಗೆ. ಮೊದಲು ನಮ್ಮ ಮನೆ. ಅಂಗಳದ ಹಂದರದ ಕೆಳಗೆ ಹೋಳಿಗೆ, ಅದರ ಮೇಲೆ ತುಪ್ಪ, ತುಪ್ಪದ ಮೇಲೆ ಅವ್ವನ ಒತ್ತಾಯ. ಒಬ್ಬ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೇ ಹೋಳಿಗೆ ಬೀಳುತ್ತಿತ್ತು. ಕೈ ತೊಳೆದು ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾಳೆ.

"ಬರ್ರಿ, ಬರ್ರಿ. ಎಣ್ಣಿಗಾಯಿ ಆರ್ಲಾಕತ್ತಾವ."

ಕ್ಯಾಪ್ಟನ್ ನನ್ನ ಕಿವಿಯಲ್ಲಿ ಕೇಳಿದ. "ಇದೇನಲೇ?"

"ಒಂದ್ ತುತ್ತು ಅಣ್ಣಾ. ಬರೇ ಬಾಯಾಗ ಹಾಕ್ಕೊಂಡಂಗ ಮಾಡು ಸಾಕು."

ಆ ತುತ್ತು ನಾಲ್ಕು ರೊಟ್ಟಿ, ಹುಗ್ಗಿ, ತಲೆಗೆರಡು ಕೆಂಪು ಬಾಳೆಹಣ್ಣಿನವರೆಗೆ ಬೆಳೆಯಿತು. ಜುಮ್ಮಾ ನಮಾಜಿಗೆಂದು ಎದ್ದ ನಾಲ್ವರು ಬಚಾವಾದೆವು ಎಂದುಕೊಂಡರು. ನಮಾಜು ಮುಗಿಸಿ ಮಸೀದಿಯಿಂದ ಹೊರಬಂದರೆ ಗೌಡರ ಮನೆಯ ಆಳು ಚಪ್ಪಲಿಗಳ ಪಕ್ಕದಲ್ಲೇ ಕಾಯುತ್ತ ಕೂತಿದ್ದ. ಗೌಡರ ಮನೆಯಲ್ಲಿ ಗೋಧಿ ಬೆಲ್ಲದ ಮಾದಲಿ, ಹಾಲು. ನಮ್ಮ ಗೋಲಿ ಕಣ್ಣೀರು ತುಂಬಿಕೊಂಡು ಉಂಡ. ಗೌಡರು ಅದನ್ನು ಸಂತೋಷವೆಂದು ತಿಳಿದು ಇನ್ನಷ್ಟು ಬಡಿಸಿದರು.

ನಾಲ್ಕಕ್ಕೆ ಸೀಟಿ ಊದಿದಾಗ ನಮ್ಮ ಹನ್ನೊಂದು ಮಂದಿ ಮೈದಾನಕ್ಕೆ ಬಸುರಿಯರಂತೆ ನಡೆದು ಬಂದರು. ಕಮಲಾಪುರದವರು ಆಟದ ದಿನವೆಂದು ಬರೀ ಮಜ್ಜಿಗೆ ಕುಡಿದು ಬಂದಿದ್ದರು. ನಮ್ಮವರು ಒಮ್ಮೆ ಓಡಿದರೆ ಮೂರು ಸಲ ತೇಗುತ್ತಿದ್ದರು. ಕ್ಯಾಪ್ಟನ್ ಒಬ್ಬನೇ ಹಲ್ಲು ಕಚ್ಚಿ ಅಷ್ಟೂ ಬಯಲು ಓಡಿದ, ಎರಡು ಸಲ ಬೇಲಿಯ ಆಚೆ ಹೋಗಿ ವಾಂತಿ ಮಾಡಿ ಬಂದು ಮತ್ತೆ ಓಡಿದ. ನಾನು ಕೂಗಲು ಬಾಯಿ ತೆರೆದೆ. ದನಿ ಬರಲಿಲ್ಲ. ಅದೊಂದೇ ದಿನ.

ಮೂರು ಗೋಲಿನಿಂದ ಸೋತೆವು.

ಡ್ರಿಲ್ ಮಾಸ್ತರರೂ ಮೂರು ಮನೆಯಲ್ಲಿ ಉಂಡವರೇ. ಆಟ ಶುರುವಾದದ್ದಷ್ಟೇ ಅವರಿಗೆ ಗೊತ್ತು. ಬೇವಿನ ಮರದ ಬುಡದಲ್ಲಿ ಟೊಪ್ಪಿಗೆ ಮುಖದ ಮೇಲಿಟ್ಟು ಗೊರಕೆ ಹೊಡೆದವರು ಕೊನೆಯ ಸೀಟಿಗೆ ಎಚ್ಚೆತ್ತು, ಕಣ್ಣುಜ್ಜಿಕೊಂಡು ಕೇಳಿದರು. "ಕ್ಯಾ ಹುವಾ? ಯಾರು ಗೆದ್ರು?"

ಕಮಲಾಪುರದ ತಂಡದ ಮುಂದಾಳು, ಕಬ್ಬು ಕಡಿಯುವ ಗಟ್ಟಿ ಆಳು, ಒಂದು ಹೆಜ್ಜೆ ಮುಂದೆ ಬಂದು ಹೇಳಿದ. "ನಿಮ್ಮವ್ರೇ ಗೆದ್ರು ನೋಡ್ರಿ ಸಾಹೇಬ್ರ. ಜಬರ್‌ದಸ್ತ್ ಆಡಿದ್ರು."

ಊರಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಉಣ್ಣಿಸಿದಷ್ಟೇ ಸಹಜವಾಗಿ ಅವನು ಗೆಲುವನ್ನೂ ಬಡಿಸಿದ್ದ. ಅವನ ಹಿಂದಿದ್ದ ಹತ್ತೂ ಮಂದಿ ತಲೆಯಾಡಿಸಿದರು. ನಾನಂತೂ ಅವರೆಲ್ಲರಿಗಿಂತ ಜೋರಾಗಿ ತಲೆಯಾಡಿಸಿದೆ. ಹೈದರಾಬಾದು ನಮ್ಮ ಕ್ಯಾಪ್ಟನ್ನಿನಿಂದ ಒಂದು 'ಹೌದು'ವಿನಷ್ಟು ದೂರದಲ್ಲಿತ್ತು.

ಅವನು ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡ. "ಇಲ್ರಿ ಸರ್. ಇವ್ರು ಮೂರು ಹಾಕ್ಯಾರ. ನಮ್ದು ಒಂದೂ ಇಲ್ಲ."

"ತಪ್ಪು ನಂದ್ರಿ ಸರ್!" ನನ್ನ ದನಿ ಆಗ ಬಂತು. "ಮೂರು ಮನಿಯವ್ರಿಗೂ ಹೂಂ ಅಂದಿದ್ದೆ. ಇವ್ರಿಗಿ ಉಣ್ಣಿಸಿ ಉಣ್ಣಿಸಿ ಕೆಡಿಸಿದವ ನಾನು."

ಮಾಸ್ತರರು ತಮ್ಮ ಹೊಟ್ಟೆಯ ಮೇಲೆ ಕೈ ಆಡಿಸಿಕೊಂಡರು. ಅವರು ಕೆಟ್ಟವರಲ್ಲ. ಆದರೆ ಆಡಿದ ಮಾತು ಆಡಿದ್ದೇ. "ಸೋತದ್ದು ಸೋತಂಗ ಬೇಟಾ. ಸಿಫಾರಸು ಹ್ಯಾಂಗ ಮಾಡ್ಲಿ?" ಎಂದು ಕ್ಯಾಪ್ಟನ್ನಿನ ಬೆನ್ನು ತಟ್ಟಿದರು.

ತಿರುಗಿ ಹೋಗುವಾಗ ಮೋಟಾರಿನಲ್ಲಿ ನಾನು ಹಿಂದಿನ ಮೂಲೆಯಲ್ಲಿ ಚೆಂಡನ್ನು ಅಪ್ಪಿಕೊಂಡು ಕೂತೆ. ಒದೆ ಬೀಳುವುದಾದರೆ ಅದು ಚೆಂಡಿಗಾದರೂ ಬೀಳಲಿ ಎಂದು. ಕ್ಯಾಪ್ಟನ್ ಎದ್ದು ಬಂದು ನನ್ನ ಪಕ್ಕದಲ್ಲೇ ಕೂತ. ಬಹಳ ಹೊತ್ತು ಕತ್ತಲಾಗುತ್ತಿದ್ದ ಹೊಲಗಳನ್ನು ನೋಡಿದ.

"ಮೂರನೇ ಮನೀ ಹೊಸ್ತಿಲ ಮುಂದ ನಿಂತು 'ಸಾಕ್ರಿ, ನಾವು ಬರಲ್ಲ' ಅನಬಹುದಿತ್ತು ನಾನು. ಕ್ಯಾಪ್ಟನ್ ಅಲ್ಲೇನು ನಾ? ಆ ಮುದುಕ ಗೌಡ್ರ ಮಾರಿ ನೋಡಿ ನನಗೂ ಅನ್ನಾಕ ಆಗ್ಲಿಲ್ಲಪಾ."

ಅವನು ಬೈದಿದ್ದರೆ ಚೆನ್ನಾಗಿತ್ತು. ನಾನು ಚೆಂಡಿನ ಮೇಲೆ ಮುಖ ಇಟ್ಟು ಅತ್ತುಬಿಟ್ಟೆ. ಅವನು ನೋಡದವನ ಹಾಗೆ ಕೂತಿದ್ದ.

ಮರುದಿನ ಸಂಜೆ ನಾನು ಬಯಲಿಗೆ ಹೋಗಲಿಲ್ಲ. ಖೋಲಿಯಲ್ಲಿ ಪುಸ್ತಕ ತೆರೆದು ಕೂತೆ. ಎಷ್ಟು ದುಃಖವಾಗಿತ್ತೆಂದು ಅದರಿಂದಲೇ ತಿಳಿಯಿರಿ. ಅಷ್ಟರಲ್ಲಿ ಬಾಗಿಲಲ್ಲಿ ಕ್ಯಾಪ್ಟನ್.

"ಏಳಲೇ. ಪರೀಕ್ಷಾಕ್ಕ ಇನ್ನಾ ಇಪ್ಪತ್ತು ದಿನ ಅದಾವ. ಇಪ್ಪತ್ತು ಸಂಜಿ ಆಡಬಹುದು. ನೀ ಒದರಲಾರ್ದೆ ಕಾಲೇ ಏಳವಲ್ದು."

ಆ ಇಪ್ಪತ್ತು ಸಂಜೆಯೂ ಅವನು ಆಡಿದ. ನೋಡಲಿಕ್ಕೆ ಇದ್ದವರು ನಾನು, ಎರಡು ಎಮ್ಮೆ, ಅವುಗಳನ್ನು ಮೇಯಿಸುವ ಮುದುಕ. ನಾನು ಮಾತ್ರ ಹೈದರಾಬಾದಿನ ಹತ್ತು ಸಾವಿರ ಮಂದಿಯ ಬದಲಿಗೆ ಕೂಗಿದೆ.