ನೊಣ ಕೂರದ ಬೂದಿ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಮದುವೆಯಾಗಿ ಬೀದರ್ ಕಡೆಯಿಂದ ನಾಸಿಕಕ್ಕೆ ಬಂದೆ. ನನ್ನ ಗಂಡ ಅಲ್ಲಿ ಕೀಟನಾಶಕ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ದೇವಳಾಲಿ ಕ್ಯಾಂಪಿಗೆ ಹೋಗುವ ರಸ್ತೆಯಲ್ಲಿ ಉಡುಪಿಯ ದಂಪತಿ ಒಂದು ಹೋಟೆಲು ನಡೆಸುತ್ತಿದ್ದರು. ಅದರ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಹೋಟೆಲಿನ ಯಜಮಾನಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ.

ಸಟಾಣಾದ ಈರುಳ್ಳಿಗೂ ಸಿಲ್ಲೋಡಿನ ಹತ್ತಿಗೂ ಹೊಡೆಯುವ ಪುಡಿ ಆ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಕೊನೆಗೆ ಡಾಂಬರಿನಂಥ ಗಸಿ ಉಳಿಯುತ್ತಿತ್ತು. ಅದೂ ವಿಷವೇ. ಅದನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಕಲಸಿ ಇಟ್ಟಿಗೆಯ ಭಟ್ಟಿಯಲ್ಲಿ ಸುಡುತ್ತಿದ್ದರು. ಅದು ಪೂರ್ತಿ ಸುಟ್ಟಿತೇ ಎಂದು ಅಳೆಯುವುದು ನನ್ನ ಗಂಡನ ಕೆಲಸ. ಒಳಗೆ ಹಾಕುವುದನ್ನು ತೂಗಿ, ಚಿಮಣಿ ಏರಿ, ಹೊಗೆಯನ್ನು ಗಾಜಿನ ನಳಿಗೆಗಳಲ್ಲಿದ್ದ ದ್ರಾವಣದ ಮೂಲಕ ಎಳೆದು ಹಿಡಿಯುತ್ತಿದ್ದರು. ಆ ಸೀಸೆಗಳನ್ನು ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಔರಂಗಾಬಾದಿನ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದರು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಭಟ್ಟಿಗೆ ಹಾಕಿದ ವಿಷ ಹೊಗೆಯಲ್ಲಿ ಕಾಣದಿದ್ದರೆ ಸುಟ್ಟು ನಾಶವಾಯಿತೆಂದೇ ಲೆಕ್ಕ. ಕಾಣಲಿಲ್ಲ ಎಂಬ ಫಲಿತಾಂಶ ಬಂದ ದಿನ ಅವರು ಪೇಢೆ ತಂದು ಹೋಟೆಲಿನವರಿಗೂ ಹಂಚಿದರು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹೋಟೆಲಿನವರು ಆಗಷ್ಟೇ ಸೌದೆ ಬಿಟ್ಟು ಕಲ್ಲಿದ್ದಲಿಗೆ ಬಂದಿದ್ದರು. ಇದ್ದಲಿನ ಬೂದಿ ಒರಟು, ಅದರಲ್ಲಿ ತಿಕ್ಕಿದರೆ ಪಾತ್ರೆಗೆ ಗೀರು ಬೀಳುತ್ತದೆ. ಕಾರ್ಖಾನೆಯ ಭಟ್ಟಿಯ ಬೂದಿಯೋ ಬೆಳ್ಳಗೆ, ಜರಡಿ ಹಿಡಿದ ಹಿಟ್ಟಿನಷ್ಟು ನುಣುಪು. ಹೊಗೆಯೇ ಶುದ್ಧವೆಂದ ಮೇಲೆ ಬೂದಿಯ ಬಗ್ಗೆ ಯಾರಿಗೆ ಅನುಮಾನ? ಹೋಟೆಲಿನ ಯಜಮಾನರು ಬೂದಿ ಸಾಗಿಸುವ ಲಾರಿಯವನಿಗೆ ಹೇಳಿ ಮೂಟೆಗಟ್ಟಲೆ ತರಿಸಿದರು. ಅಕ್ಕ ನನಗೂ ಒಂದು ಡಬ್ಬಿ ತುಂಬಿ ಕೊಟ್ಟಳು. ತೆಂಗಿನ ನಾರಿಗೆ ಹಚ್ಚಿ ತಿಕ್ಕಿದರೆ ಹಿತ್ತಾಳೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ನಾಲ್ಕು ತಿಂಗಳ ಮಗಳಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯನ್ನೂ ನಾನು ಅದರಿಂದಲೇ ತಿಕ್ಕುತ್ತಿದ್ದೆ. ಕೂಸು ಇನ್ನೂ ಬೋರಲು ಬೀಳುವುದನ್ನು ಕಲಿಯುತ್ತಿತ್ತು.

ಆ ಬೇಸಿಗೆಯಲ್ಲಿ ಹೋಟೆಲಿನ ಹಿತ್ತಲಿನಿಂದ ನೊಣಗಳು ಮಾಯವಾದವು. ಮಾವಿನ ಕಾಲ, ಎಂಜಲು ಪಾತ್ರೆಗಳ ರಾಶಿ, ಆದರೂ ಒಂದು ನೊಣ ಇಲ್ಲ. ಗಿರಾಕಿಗಳು ಹೊಗಳತೊಡಗಿದರು. ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು, "ನಮ್ಮಷ್ಟು ಚೊಕ್ಕ ಹೋಟ್ಲು ಈ ರೋಡಲ್ಲಿ ಇನ್ನೊಂದು ಇಲ್ಲ ಮಾರಾಯ್ತಿ" ಎಂದಳು. ನಾನೂ ನಕ್ಕೆ. ಆದರೆ ಬಚ್ಚಲ ಮೂಲೆಯಲ್ಲಿ ಜಿರಳೆಗಳು ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದವು.

ಅದೇ ದಿನಗಳಲ್ಲಿ ಮಗಳು ಮಲಗಿದ್ದಲ್ಲೇ ಬೆಚ್ಚತೊಡಗಿದಳು. ಮುಷ್ಟಿ ಬಿಗಿಯುತ್ತಿದ್ದಳು, ಹಾಲು ಬಾಯಲ್ಲಿಟ್ಟರೆ ಉಗುಳುತ್ತಿದ್ದಳು. ಕ್ಯಾಂಪಿನ ಡಾಕ್ಟರು ಹಲ್ಲು ಬರುವ ಹೊತ್ತು ಎಂದರು. ಒಂದು ಮಧ್ಯಾಹ್ನ ನನ್ನ ತೊಡೆಯ ಮೇಲೇ ಅವಳ ಕಣ್ಣು ಮೇಲಾಗಿ ಮೈ ಸೆಟೆಯಿತು. ಊಟಕ್ಕೆ ಬಂದಿದ್ದ ಗಂಡ ನೀರಿಗಾಗಿ ಅಡಿಗೆಮನೆಗೆ ಓಡಿದರು. ಹೋದವರು ಹೊತ್ತಾದರೂ ಮರಳಲಿಲ್ಲ. ಕೂಸು ಮೈ ಸಡಿಲಾಗಿ ಅಳತೊಡಗಿದ ಮೇಲೆ ಎತ್ತಿಕೊಂಡು ಹೋಗಿ ನೋಡಿದೆ. ಅವರು ಬೂದಿಯ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಡಬ್ಬಿಯ ಸುತ್ತ ಸತ್ತ ಇರುವೆಗಳು ಚೆಲ್ಲಿದ್ದವು. ಪಕ್ಕದಲ್ಲಿ ಒಳಲೆ, ಅದರ ಮೂತಿಯ ಸಂದಿನಲ್ಲಿ ಬೆಳ್ಳಗೆ ಬೂದಿ.

"ಇದ್ರಲೇ ತಿಕ್ಕತಿ ಏನು?" ಎಂದರು.

"ನಿಮ್ಮ ಭಟ್ಟಿದೇ ಅಲ್ಲೇನ್ರಿ. ಎಲ್ಲಾ ಸುಟ್ಟದ ಅಂದಿದ್ರಿ."

ಅವರು ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿ, ಅದನ್ನೇ ಹಿಡಿದು ಔರಂಗಾಬಾದಿನ ಬಸ್ಸು ಹತ್ತಿದರು. ಅವರು ಬರುವ ತನಕ ನಾನು ಒಳಲೆ ಮುಟ್ಟಲಿಲ್ಲ. ಬೆರಳಿನಿಂದ ಹನಿ ಹನಿ ಹಾಲು ಕುಡಿಸಿದೆ. ಅದೇ ಬೆರಳು ಪಾತ್ರೆ ತಿಕ್ಕಿದ್ದು ಎಂದು ನೆನಪಾದಾಗ ಎದ್ದು ಹೋಗಿ ಚರ್ಮ ಕೆಂಪಾಗುವಷ್ಟು ತೊಳೆದೆ. ಹೆದರಿಕೆ ಅಂದರೆ ಏನೆಂದು ಆಗ ಗೊತ್ತಾಯಿತು.

ಬೂದಿಯಲ್ಲಿ ಕಾರ್ಖಾನೆಯದೇ ವಿಷವಿತ್ತು. ಭಟ್ಟಿಯ ತಪ್ಪಲ್ಲ, ಹೊಗೆಯ ಅಳತೆಯೂ ಸುಳ್ಳಲ್ಲ. ನನ್ನ ಗಂಡ ಅದುವರೆಗೆ ಚಿಮಣಿಯ ಕಡೆಗಷ್ಟೇ ಹೋಗುತ್ತಿದ್ದವರು, ಈಗ ಭಟ್ಟಿಯ ಹಿಂಬದಿಯ ಬಾಗಿಲಿಗೆ ಹೋಗಿ ನಿಂತು ನೋಡಿದರು. ಕೂಲಿಯವರು ನಿಗಿನಿಗಿ ಬೂದಿಯನ್ನು ಹೊರಗೆಳೆದು ನೀರೆರಚಿ ಆರಿಸುತ್ತಿದ್ದರು. ಆ ವರ್ಷ ನೀರಿಗೆ ತತ್ವಾರ. ಹಾಗಾಗಿ ಕೀಟನಾಶಕದ ಪುಡಿಯ ಡ್ರಮ್ಮುಗಳನ್ನು ತೊಳೆದ ನೀರನ್ನೇ ಎರಚುತ್ತಿದ್ದರು. ಸುಟ್ಟು ಕಳೆದದ್ದನ್ನು ಮತ್ತೆ ಸುರಿದ ಹಾಗಾಯಿತು.

ಮ್ಯಾನೇಜರನಿಗೆ ಹೇಳಿದಾಗ ಅವನು, ಅಳೆಯಬೇಕಾದ್ದು ಹೊಗೆ ಮಾತ್ರ, ಹೊಗೆ ಸರಿಯಿದೆಯಲ್ಲ, ಬೂದಿಯನ್ನು ನಾವಾಗಿ ಯಾರಿಗೂ ಕೊಟ್ಟಿಲ್ಲ, ಅವರೇ ಬಂದು ಒಯ್ದರು ಎಂದನಂತೆ. ನನ್ನ ಗಂಡ ಕೂಸಿನ ವಿಷಯ ಎತ್ತಿದ ಮೇಲೆ, ಸರಿ, ಇನ್ನು ಮೇಲೆ ಬೂದಿಯನ್ನು ಗುಂಡಿ ತೋಡಿ ಹೂಳಿಸುತ್ತೇನೆ ಎಂದು ಮಾತು ಕೊಟ್ಟ. ಅಕ್ಕ ಮೂಟೆಗಳನ್ನು ವಾಪಸು ಕಳಿಸಿದಳು. ಮಳೆ ಹಿಡಿಯುವ ಹೊತ್ತಿಗೆ ಮಗಳ ಬೆಚ್ಚುವಿಕೆ ನಿಂತಿತು. ಹೋಟೆಲಿಗೆ ನೊಣಗಳು ಮರಳಿ ಬಂದವು. ಯಜಮಾನರು ಬೈಯುತ್ತಾ ಟವೆಲು ಬೀಸುತ್ತಿದ್ದರೆ ನನಗೆ ಖುಷಿಯಾಗುತ್ತಿತ್ತು.

ದೀಪಾವಳಿಗೆ ಮುಂಚೆ ಮೂವರೂ ದೇವಳಾಲಿಯ ಸಂತೆಗೆ ಹೋದೆವು. ಮಗಳು ನನ್ನ ಕಂಕುಳಲ್ಲಿ. ಗೋಣಿಚೀಲ ಹಾಸಿಕೊಂಡು ಕೂತ ಹೆಂಗಸೊಬ್ಬಳು ಕಾಗದದ ಪೊಟ್ಟಣ ಕಟ್ಟುತ್ತಿದ್ದಳು. ಎದುರಿಗೆ ಬೆಳ್ಳನೆಯ ರಾಶಿ.

"ಘ್ಯಾ ಬಾಯಿ, ಬಾರೀಕ್ ರಾಖ್ ಆಹೆ" ಎಂದು ಕರೆದಳು. ತಗೊಳ್ಳಿ, ನುಣುಪು ಬೂದಿ.

ಎಲ್ಲಿಂದ ತಂದೆ ಎಂದು ಗಂಡ ಮರಾಠಿಯಲ್ಲಿ ಕೇಳಿದರು. ಲಾರಿಯವನು ಹಾಕಿ ಹೋಗುತ್ತಾನೆ ಎಂದಳು. ಅವಳ ಸೆರಗಿನ ಮರೆಯಲ್ಲಿ ಕೂಸೊಂದು ಹಾಲು ಕುಡಿಯುತ್ತಿತ್ತು. ನನ್ನ ಗಂಡ ನಮ್ಮ ಮಗಳನ್ನು ನನ್ನಿಂದ ಕಸಿದುಕೊಂಡು ಹಿಂದೆ ಸರಿದರು. ಬೂದಿಯವಳ ಪಕ್ಕದಲ್ಲೇ ಒಬ್ಬ ಮುದುಕ ಬೆಲ್ಲ ಮಾರಲು ಕೂತಿದ್ದ. ಬಿಸಿಲಿಗೆ ಬೆಲ್ಲ ಕರಗಿ ಗೋಣಿಯ ಮೇಲೆ ಹರಿದಿತ್ತು. ಅದರ ಮೇಲೆ ಒಂದು ನೊಣವೂ ಇರಲಿಲ್ಲ.