ಅಣ್ಣನ ಬ್ಯಾಟರಿ ಗನ್

ಬಂಟ್ವಾಳದಲ್ಲಿ ರಸ್ತೆ ಬದಿಗೆ ನಮ್ಮದೊಂದು ಗ್ಯಾರೇಜು ಇತ್ತು. ಅಣ್ಣ ಮತ್ತು ನಾನು, ಇಬ್ಬರೇ. ಮೂಡಬಿದ್ರೆ ಕಡೆಯ ಕೋರೆಗಳಿಂದ ಕೆಂಪುಕಲ್ಲು ಹೊತ್ತು ಬರುವ ಲಾರಿಗಳೇ ನಮಗೆ ಅನ್ನ. ಹೊರಲಾರದಷ್ಟು ಹೇರಿ, ಕೆಸರಲ್ಲಿ ಹೂತು, ಚಕ್ರದ ನಟ್ಟುಗಳಿಗೆ ತುಕ್ಕು ಹಿಡಿಸಿಕೊಂಡು ಬಂದು ನಿಲ್ಲುತ್ತಿದ್ದವು. ಅಂಥ ನಟ್ಟು ಬಿಚ್ಚಲು ನಮಗೆ ಗೊತ್ತಿದ್ದ ವಿದ್ಯೆ ಒಂದೇ: ಸ್ಪ್ಯಾನರಿಗೆ ಉದ್ದದ ಪೈಪು ತೂರಿಸಿ, ಅದರ ತುದಿಗೆ ಹತ್ತಿ ಕುಣಿಯುವುದು. ಅಣ್ಣ ಆ ಕುಣಿತದಲ್ಲಿ ನಿಸ್ಸೀಮ. ಲಾರಿಯವರು ಬೀಡಿ ಹಚ್ಚಿ ನೋಡುತ್ತಾ ನಿಲ್ಲುತ್ತಿದ್ದರು.

ಒಂದು ಮಳೆಗಾಲದಲ್ಲಿ ಸ್ಪ್ಯಾನರು ಜಾರಿತು. ಪೈಪು ಸಿಡಿದು ಅಣ್ಣನ ಬಲಭುಜಕ್ಕೆ ಬಡಿಯಿತು. ಮೂಳೆ ಕೂಡಿಕೊಂಡಿತು, ಆದರೆ ಕೈ ಎದೆಯಿಂದ ಮೇಲೆ ಏಳಲಿಲ್ಲ. ಡಾಕ್ಟ್ರು ಹೇಳಿದ್ದು ಇಷ್ಟು: "ಕೆಲಸ ಮಾಡ್ತಾ ಇರಿ, ಕೈ ಆಡಿಸ್ತಾ ಇರಿ. ಸುಮ್ಮನೆ ಬಿಟ್ರೆ ಅದು ಹಾಗೇ ಗಟ್ಟಿಯಾಗ್ತದೆ." ಆದರೆ ಪೈಪಿನ ಕೆಲಸ ಇನ್ನು ಅವನಿಂದ ಆಗುವುದಲ್ಲ. ಪೈಪು ಇಲ್ಲದೆ ಲಾರಿ ಗ್ಯಾರೇಜಿನಲ್ಲಿ ಅವನಿಗೆ ಬೇರೆ ಕೆಲಸ ಎಂಥದ್ದು? ಚಾ ತರುವುದಾ? ಅವನೇ ಕೇಳಿದ ಮಾತಿದು, ನನ್ನದಲ್ಲ.

ಆಗ ತಲೆಗೆ ಹೊಳೆದದ್ದು ನಟ್ಟು ಬಿಚ್ಚುವ ಗನ್. ಮಂಗಳೂರಿನ ದೊಡ್ಡ ಗ್ಯಾರೇಜುಗಳಲ್ಲಿ ಗಾಳಿಯ ಗನ್ ಇತ್ತು, ಟರ್ರೆಂದರೆ ನಟ್ಟು ಕೈಯಲ್ಲಿ. ಆದರೆ ಅದಕ್ಕೆ ಕಂಪ್ರೆಸರ್ ಬೇಕು, ಕಂಪ್ರೆಸರಿಗೆ ಕರೆಂಟು ಬೇಕು. ನಮ್ಮ ಕರೆಂಟಿನ ಕಥೆ ಯಾರಿಗೆ ಗೊತ್ತಿಲ್ಲ! ಮೇಲಾಗಿ ವೇಣೂರಿನ ತಿರುವಿನಲ್ಲಿ ಲಾರಿ ಕೆಟ್ಟು ನಿಂತರೆ ಕಂಪ್ರೆಸರನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುವುದೇ? ಬ್ಯಾಟರಿಯ ಗನ್ ಆಗಷ್ಟೇ ಗಲ್ಫಿನಲ್ಲಿ ಕಾಣತೊಡಗಿತ್ತು. ನಮ್ಮ ಅಕ್ಕನ ಗಂಡ ಸೌದಿಯಲ್ಲಿ ವರ್ಕ್‌ಶಾಪಿನಲ್ಲಿದ್ದರು. ಫೋನು ಮಾಡಿದೆವು. ನಾವು ಅವರಿಗೆ ಭಾವ, ಅವರು ನಮಗೆ ಭಾವ. ಅವರೆಂದರು:

"ಯಾವುದು ಬೇಕು, ಸರಿ ಹೇಳಿ ಭಾವ. ದೊಡ್ಡದಕ್ಕೆ ಶಕ್ತಿ ಉಂಟು, ಆದ್ರೆ ಕಲ್ಲಿನ ಹಾಗೆ ಭಾರ. ಸಣ್ಣದು ಹಗುರ, ಅದು ಕಾರಿಗೆ ಮಾತ್ರ. ಮತ್ತೆ ನಟ್ಟಿಗೆ ಒತ್ತಿ ಹಿಡೀಬೇಕು, ಕೈ ಸೋತ್ರೆ ಅದು ಕಚ್ಚುವುದಿಲ್ಲ."

ಅಣ್ಣ ಒಂದು ತಗಡಿನ ಡಬ್ಬಕ್ಕೆ ಹಳೆಯ ನಟ್ಟು ತುಂಬಿಸಿದ. ಬಲಗೈಯಲ್ಲಿ ಹಿಡಿದು ಲಾರಿಯ ಚಕ್ರದೆತ್ತರಕ್ಕೆ ಎತ್ತಿ ನೋಡಿದ. ಕೈ ನಡುಗಿದರೆ ಸ್ವಲ್ಪ ತೆಗೆಯುವುದು, ಮತ್ತೆ ಎತ್ತುವುದು. ಹಣೆಯಲ್ಲಿ ಬೆವರು, ಬಾಯಲ್ಲಿ ಬೈಗುಳ. ಕೊನೆಗೆ ನಡುಗದೆ ನಿಂತ ಡಬ್ಬವನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಆ ತೂಕ ಭಾವನಿಗೆ ಹೇಳಿದೆವು: ಇದಕ್ಕಿಂತ ಭಾರ ಬೇಡ, ಆದರೆ ಲಾರಿಯ ನಟ್ಟು ಬಿಚ್ಚಬೇಕು. ಭಾವ ನಕ್ಕರು. "ನಿಮ್ಮದು ಮದುವೆಗೆ ಹೆಣ್ಣು ನೋಡಿದ ಹಾಗಾಯ್ತು ಮಾರಾಯ್ರೆ! ಹುಡುಕ್ತೇನೆ, ಸ್ವಲ್ಪ ಟೈಮ್ ಕೊಡಿ."

ತಿಂಗಳುಗಳ ಮೇಲೆ ಅದು ಬಂತು, ಸೌದಿಯಿಂದ ಊರಿಗೆ ಬರುತ್ತಿದ್ದ ಯಾರದೋ ಲಗೇಜಿನಲ್ಲಿ. ಕಿಲೋ ಉಳಿಸಲು ಪೆಟ್ಟಿಗೆ, ಕಾಗದ ಎಲ್ಲ ಅಲ್ಲೇ ಬಿಸಾಡಿ, ಬನಿಯನ್ನಿನಲ್ಲಿ ಸುತ್ತಿ ತಂದಿದ್ದರು. ಗನ್, ಚಾರ್ಜರು, ಎರಡು ಬ್ಯಾಟರಿ. ಅಣ್ಣ ಅದನ್ನು ಮಗುವನ್ನು ಎತ್ತಿದಂತೆ ಎತ್ತಿಕೊಂಡ. ತೂಕ ಡಬ್ಬದಷ್ಟೇ. ಅವತ್ತು ಅವನ ಮುಖ ನೋಡಬೇಕಿತ್ತು.

ಚಾರ್ಜರನ್ನು ನೇರ ಗೋಡೆಗೆ ಚುಚ್ಚುವಷ್ಟು ದಡ್ಡರು ನಾವಲ್ಲ. ಸೌದಿಯ ಸಾಮಾನು ಎಂದರೆ ನೂರಹತ್ತು ವೋಲ್ಟು, ನಮ್ಮ ಕರೆಂಟಿಗೆ ಹಾಕಿದರೆ ಹೊಗೆ. ಹಿಂದೆ ಅಕ್ಕ ಕೊಟ್ಟ ಮಿಕ್ಸಿಯನ್ನು ಅತ್ತಿಗೆ ಹಾಗೆ ಸುಟ್ಟಿದ್ದಳು. ಆಮೇಲೆ ಕರೆಂಟು ತಗ್ಗಿಸುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಮನೆಗೆ ಬಂತು. ನಮ್ಮ ಕಡೆ ಅದಿಲ್ಲದ ಮನೆ ಕಡಿಮೆ. ಅಣ್ಣ ಆ ಪೆಟ್ಟಿಗೆಯ ಮೂಲಕವೇ ಚಾರ್ಜಿಗಿಟ್ಟ. ಕೆಂಪು ದೀಪ ಹತ್ತಿತು.

ಮೊದಲು ಒಂದು ಜೀಪು ಬಂತು. ಸಡಿಲ ನಟ್ಟು, ಬಿಚ್ಚಿತು. ಮರುದಿನ ಕಲ್ಲಿನ ಲಾರಿ. ಗನ್ ಗುರ್ರೆಂದು ಸುಮ್ಮನಾಯಿತು. ಅಣ್ಣ ಹಲ್ಲು ಕಚ್ಚಿ, ಎದೆ ಕೊಟ್ಟು ಒತ್ತಿದ. ಗುರ್ರ್, ಅಷ್ಟೇ. "ಚಾರ್ಜ್ ಸಾಲದೋ ಏನೋ," ಎಂದೆ. ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಇಟ್ಟ, ದೀಪ ಉರಿಯುತ್ತಲೇ ಇತ್ತು. ಮತ್ತೂ ಅದೇ. ನಾನು ಕೈ ಚಾಚಿದರೆ ಸಿಡುಕಿದ: "ಮುಟ್ಟಬೇಡ! ಅದರದ್ದೇನೂ ತಪ್ಪಿಲ್ಲ. ಒತ್ತಿ ಹಿಡೀಬೇಕಂತ ಭಾವ ಹೇಳಿಲ್ವಾ? ಒತ್ತುವ ಕೈ ಇಲ್ಲ ನನಗೆ, ಅಷ್ಟೇ."

ಆ ವಾರ ಭಾವನ ಫೋನು ಬಂತು. ಕೊಟ್ಟವರಿಗೆ ಬೇಜಾರು ಮಾಡುವ ಜನವೇ ನಾವು? ಅಣ್ಣ ನಗುನಗುತ್ತಾ, "ಫಸ್ಟ್ ಕ್ಲಾಸ್ ಉಂಟು ಭಾವ, ಬೆಣ್ಣೆ ತೆಗೆದ ಹಾಗೆ ಬಿಚ್ತದೆ," ಎಂದ. ಫೋನಿಟ್ಟು ಗನ್ನನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟ. ಮುಂದಿನ ತಿಂಗಳು ಧರ್ಮಸ್ಥಳದ ಒಂದು ಲಾಡ್ಜಿನಲ್ಲಿ ಗೇಟು ಕಾಯಲು ಸೇರಿಕೊಂಡ. ಯಾತ್ರೆಯ ಬಸ್ಸು ಬಂದರೆ ಗೇಟು ತೆಗೆಯುವುದು, ಎಲ್ಲಿ ನಿಲ್ಲಿಸಬೇಕೆಂದು ತೋರಿಸುವುದು. ನಾನು ಗ್ಯಾರೇಜಿನಲ್ಲಿ ಒಬ್ಬನೇ ಉಳಿದೆ; ಅವನು ಮುಟ್ಟಬೇಡ ಎಂದ ಗನ್ನನ್ನು ಕೆಳಗಿಳಿಸಲು ಮನಸ್ಸಾಗಲಿಲ್ಲ. ಯಾರನ್ನು ಬೈಯುವುದೆಂದು ತಿಳಿಯದೆ ಲಾರಿಯವರನ್ನು ಬೈಯುತ್ತಿದ್ದೆ.

ವರ್ಷ ಕಳೆದು ಭಾವ ರಜೆಗೆ ಬಂದರು. ಬಂದವರೇ ಗನ್ ಕೇಳಿದರು. ನಾನು ಅದನ್ನು ಕಪಾಟಿನಿಂದ ಇಳಿಸಿ, ಚಾರ್ಜರನ್ನು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗೆ ಚುಚ್ಚಿದ್ದನ್ನು ನೋಡಿ ಹೌಹಾರಿದರು. "ಇದೆಂಥದ್ದು ಭಾವ? ಇದು ಸೌದಿಯದ್ದಲ್ಲ! ನೀವು ಹೇಳಿದ ತೂಕದ್ದು ಅಲ್ಲಿ ಸಿಗ್ಲಿಲ್ಲ, ದುಬೈಯಿಂದ ತರಿಸಿದ್ದು. ಇನ್ನೂರಿಪ್ಪತ್ತು! ಊರಿನ ಕರೆಂಟಿಗೆ ನೇರ ಹಾಕುವುದು!" ಚಾರ್ಜರು ತಿರುಗಿಸಿದರೆ ಅಡಿಯಲ್ಲಿ ಬರೆದೇ ಇತ್ತು. ತಗ್ಗಿದ ಕರೆಂಟಿಗೆ ದೀಪವೇನೋ ಉರಿದಿತ್ತು, ಬ್ಯಾಟರಿಯ ಹೊಟ್ಟೆಗೆ ಏನೂ ಇಳಿದಿರಲಿಲ್ಲ; ಜೀಪಿನ ನಟ್ಟು ಬಿಚ್ಚಿದ್ದು ಹೊಸದರಲ್ಲೇ ಅದರಲ್ಲಿದ್ದ ಚೂರು ಚಾರ್ಜಿನಲ್ಲಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಮ್ಮ ಮನೆಯೊಳಗೇ ಕೂತಿದ್ದ. ಪೆಟ್ಟಿಗೆಯನ್ನು ಕಾಲಲ್ಲಿ ಒದ್ದೆ. ಬೆರಳು ಊದಿದ್ದೊಂದೇ ಲಾಭ.

ಗೋಡೆಗೆ ಚುಚ್ಚಿ ಚಾರ್ಜ್ ಮಾಡಿದೆವು. ಲಾರಿಯ ತುಕ್ಕು ನಟ್ಟು ಟರ್ರೆಂದು ಕಳಚಿ ಬಿತ್ತು. ಅಂದೇ ಗನ್ನನ್ನು ಚೀಲಕ್ಕೆ ಹಾಕಿಕೊಂಡು ಬೆಳ್ತಂಗಡಿ ಬಸ್ಸು ಹಿಡಿದು, ಅಲ್ಲಿಂದ ಧರ್ಮಸ್ಥಳಕ್ಕೆ ಹೋದೆ. ಅಣ್ಣ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಎಲ್ಲ ಹೇಳಿದೆ. ಗನ್ ಒತ್ತಿ ಕೇಳಿಸಿದೆ. ಅವನು ಬೆಚ್ಚಿಬಿದ್ದ.

"ಇಷ್ಟು ಶಬ್ದ ಉಂಟಾ ಇದಕ್ಕೆ?"

"ಹಿಡಿ, ನೀನೇ ನೋಡು. ನಾಳೆಯಿಂದ ಗ್ಯಾರೇಜಿಗೆ ಬಾ."

ಬಲಗೈಗೆ ಕೊಟ್ಟೆ. ಎತ್ತಲು ನೋಡಿದ. ಒಂದು ವರ್ಷ ಸುಮ್ಮನೆ ತೊಡೆಯ ಮೇಲೆ ಬಿದ್ದಿದ್ದ ಕೈ ಸೊಂಟದ ಹತ್ತಿರವೇ ನಿಂತಿತು. ಗನ್ನನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟ.

"ಹಾಗಾದ್ರೆ ಅವತ್ತು ನನ್ನ ಕೈ ಸರಿ ಇತ್ತು ಅಲ್ವಾ?"

ನನಗೆ ಅಳು ಬಂತು. ಹೊರಗೆ ಯಾತ್ರೆಯ ಬಸ್ಸೊಂದು ಹಾರ್ನು ಹೊಡೆಯಿತು. ಅಣ್ಣ ಎದ್ದು ಹೋಗಿ ಎಡಗೈಯಲ್ಲಿ ಗೇಟು ತೆಗೆದ.