ನಮಗಾಗಿ ಕಾಯುತ್ತಿದ್ದ ಸರ್ವರ್

ರಿಪ್ಪನ್‌ಪೇಟೆಯ ಸ್ವಪ್ನಾ ತೀರ್ಥಹಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಡಯಾಲಿಸಿಸ್‌ಗೆ ಬರುವವರು ಹಿಂದಿನ ದಿನವೇ ಮೊಬೈಲಿನಲ್ಲಿ ಪಾಳಿ ಹಿಡಿಯುವ ವೆಬ್‌ಸೈಟ್ ಅವಳ ಕೈಯಲ್ಲಿದೆ. ನನ್ನ ತಮ್ಮ ಜಟ್ಟಿಂಗಪ್ಪನಿಗೆ ಕಿಡ್ನಿ ಕೆಟ್ಟ ಮೇಲೆ ಅವಳ ಪರಿಚಯವಾಯಿತು.

ನಮ್ಮ ಮನೆ ಕವಲೇದುರ್ಗದ ಬುಡದಲ್ಲಿ. ಸಿಗ್ನಲ್ ಸಿಗುವುದು ಗುಡ್ಡದ ತಿರುವಿನಲ್ಲಿ ಮಾತ್ರ. ಪಾಳಿಗೆ ಡಾಕ್ಟರ ಚೀಟಿಯ ಫೋಟೊ ಕಳಿಸಬೇಕು. ಅದು ಅರ್ಧ ಹೋಗಿ ನಿಂತರೆ ಅತ್ತಲಿಂದ, ಮೊದಲಿಂದ ಕಳಿಸಿ ಎಂದು ಬರುತ್ತಿತ್ತು.

ಸ್ವಪ್ನಾಳಿಗೆ ಹೇಳಿದೆ.

"ಅಯ್ಯೋ ಗುತ್ಯಮ್ಮಕ್ಕಾ, ಮೊದ್ಲೇ ಹೇಳದಲ್ವಾ!" ಎಂದಳು. ಅರ್ಧ ಕಳಿಸಿದವರನ್ನೂ ಕೈಬಿಡದೆ, ಉಳಿದದ್ದು ಬರುವವರೆಗೆ ವೆಬ್‌ಸೈಟ್ ನಡೆಸುವ ಸರ್ವರ್ ಕಾಯುವಂತೆ ಮಾಡಿದಳು. ಅಂದಿನಿಂದ ನಮ್ಮ ಫೋಟೊ ನಿಧಾನಕ್ಕಾದರೂ ಹೋಗಿ ಮುಟ್ಟುತ್ತಿತ್ತು.

ಆಮೇಲೆ ಆ ಸರ್ವರಿನ ಸಾಫ್ಟ್‌ವೇರ್ ಮಾಡಿದವರೇ ಒಂದು ಎಚ್ಚರಿಕೆ ಕಳಿಸಿದರು. ಹೀಗೆ ಕಾಯುವ ಸರ್ವರನ್ನು ಕೇಡಿಗರು ಕಟ್ಟಿಹಾಕಬಹುದು, ಹೊಸ ಅಪ್‌ಡೇಟ್ ಹಾಕಿ ಎಂದು. ಹಾಕಿದರೆ ನಿಧಾನದವರನ್ನು ಅದು ಬೇಗ ಕೈಬಿಡುತ್ತದೆ. ಗುಡ್ಡದವರಿಗೆ ತೊಂದರೆ ಎಂದು ಸ್ವಪ್ನಾ ಮುಂದೂಡಿದಳು.

ಒಂದು ದಿನ ಎಷ್ಟು ಒತ್ತಿದರೂ ಪುಟ ತೆರೆಯಲಿಲ್ಲ. ಜಟ್ಟಿಂಗಪ್ಪನಿಗೆ ಕಾಲು ಊದಿ, ಉಸಿರು ಕಟ್ಟುತ್ತಿತ್ತು. ಅವನನ್ನು ತಿರುವಿನಲ್ಲೇ ಪಕ್ಕದಲ್ಲಿ ಕೂರಿಸಿಕೊಂಡು, ಸ್ಪೀಕರ್ ಹಾಕಿ ಸ್ವಪ್ನಾಳಿಗೆ ಫೋನ್ ಮಾಡಿದೆ.

"ಎಂತ ಆತೇ? ಇಂವ ಉಸ್ರಿಗೆ ಒದ್ದಾಡ್ತಾ ಅದಾನೆ."

"ಯಾರೋ ಸಾವಿರಗಟ್ಲೆ ಅರ್ಧಂಬರ್ಧ ಕಳ್ಸಿ ಸುಮ್ನೆ ಕೂತಿದಾರೆ ಅಕ್ಕಾ. ಸರ್ವರ್ ಅವ್ರಿಗೆಲ್ಲಾ ಕಾಯ್ತಾ ಅದೆ, ಕಾಯಿಲೆಯೋರಿಗೆ ಜಾಗ ಇಲ್ಲ. ನೀವು ಹೊರಟು ಬನ್ನಿ."

"ಅದ್ಕೂ ನನ್ನಂಗೇ ಒಳಗೆಲ್ಲಾ ನೀರು ತುಂಬ್ಕಂಡದೆ ಅನ್ನು," ಎಂದ ಜಟ್ಟಿಂಗಪ್ಪ, ಏದುಸಿರಿನಲ್ಲೇ.

ಜೀಪು ಮಾಡಿಕೊಂಡು ಹೋದೆವು. ಪಾಳಿ ಸಿಗದವರೆಲ್ಲ ಅಲ್ಲಿ ಬಂದು ಸೇರಿದ್ದರು. "ಏನಮ್ಮಾ ಕಂಪ್ಯೂಟರಮ್ಮ, ನಿನ್ನ ಮಿಷಿನ್ನನ್ನೇ ಒಂದು ಮಂಚದ ಮೇಲೆ ಮಲಗ್ಸು!" ಎಂದು ಯಾರೋ ಚುಚ್ಚಿದರು. ಸ್ವಪ್ನಾ ನರ್ಸಮ್ಮನನ್ನು ಕರೆತಂದು ತಮ್ಮನನ್ನು ತೋರಿಸಿದಳು. ಅವನಿಗೆ ಮಂಚ ಸಿಕ್ಕಿದ್ದು ಸಂಜೆ ಮೇಲೆ. ಅಷ್ಟು ಹೊತ್ತೂ ಅವನ ಬೆನ್ನು ನೀವುತ್ತಾ ಕೂತಿದ್ದೆ.

ಸ್ವಪ್ನಾ ಬಂದು ಪಕ್ಕದಲ್ಲಿ ಕೂತಳು. "ಅಪ್‌ಡೇಟ್ ಹಾಕ್ದೆ ಅಕ್ಕಾ. ಇನ್ನು ನಿಮ್ಮ ಫೋಟೊ ಬರದು ಕಷ್ಟ."

"ಹಾಕ್ದಿದ್ರೆ ಮತ್ತೂ ಹಿಂಗೇ ಆಗ್ತದಾ?"

"ಆಗ್ತದೆ."

"ಹಂಗಾರೆ ಹಾಕಿದ್ದೇ ಸರಿ ಬಿಡು," ಎಂದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಈಗಲೂ ತಿರುವಿಗೆ ಹೋಗಿ ಕಳಿಸಿ ನೋಡುತ್ತೇನೆ, ನಡುವೆಯೇ ಕಡಿದುಹೋಗುತ್ತದೆ. ಆಗ ಸ್ವಪ್ನಾಳಿಗೆ ಫೋನ್ ಮಾಡಿದರೆ ಅವಳೇ ಪಾಳಿ ಹಾಕುತ್ತಾಳೆ. ಅವಳಿಗೆ ರಜೆ ಇದ್ದ ದಿನ, ಮಂಚ ಉಂಟೋ ಇಲ್ಲವೋ ತಿಳಿಯದೆಯೇ, ತಮ್ಮನನ್ನು ಹಿಡಿದುಕೊಂಡು ಬಸ್ಸು ಹತ್ತುತ್ತೇನೆ.